ಹ್ಞೂಂಗುಟ್ಟುವ ಡ್ಯೂಟಿ

ಜನವರಿ ೭, ಮಂಗಳವಾರ. ಸಂಜೆ

ಮತ್ತೊಂದು ಅಂಗಡಿ. ಮತ್ತೊಂದು ಹೆಲ್ಮೆಟ್ಟು ಕಿವಿಯ ಹತ್ತಿರ ಬಂದು ನಿಂತುಬಿಟ್ಟಿತು. ಕೆಳಗೂ ಇಳಿಯದು, ಮೇಲೂ ಬಾರದು. ಭಾವ ಎರಡು ಕೈಯಲ್ಲಿ ಹಿಡಿದು ಎಳೆದರು, ಅಂಗಡಿಯವನು ನನ್ನ ಸೊಂಟ ಹಿಡಿದುಕೊಂಡ. ಹೊರಗೆ ಬಂದ ಮೇಲೆ ಕಿವಿಗಳು ನನ್ನವೇ ಎಂದು ಮುಟ್ಟಿ ನೋಡಿಕೊಂಡೆ.

"ತಲೆ ದೊಡ್ಡದು ಭಾವ ನಿಮ್ಮದು."

"ದೊಡ್ಡದಲ್ಲ, ತುಂಬಿದೆ."

"ಏನು ತುಂಬಿದೆ ಅಂತ ಮಾತ್ರ ಕೇಳ್ಬೇಡಪ್ಪ" ಎಂದರು ಭಾವ, ಅಂಗಡಿಯವನಿಗೆ.

ಇವಳ, ಅಂದರೆ ನನ್ನ ಹೆಂಡತಿಯ ಅಣ್ಣ ನನಗೆ ಭಾವ, ನಾನು ಅವರಿಗೆ ಭಾವ. ಒಂದೇ ಸಂಸಾರದಲ್ಲಿ ಇಷ್ಟೊಂದು ಭಾವ ಇದ್ದೂ ಒಂದು ಕವಿತೆ ಹುಟ್ಟಲಿಲ್ಲ ಅಂದೆ. ಅಂಗಡಿಯವನು ನಗಲಿಲ್ಲ. ವ್ಯಾಪಾರಿಯ ಮುಖದಲ್ಲಿ ಒಂದೇ ಭಾವ — ನಿರ್ಭಾವ.

ನನಗೆ ಬೇಕಾದದ್ದು: ಮೈಕು, ಸ್ಪೀಕರು ಹೆಲ್ಮೆಟ್ಟಿನ ಒಳಗೇ ಕೂತಿರಬೇಕು. ಹೊರಗಿಂದ ಕ್ಲಿಪ್ಪು ಹಾಕಿ ಅಂಟಿಸೋ ಡಬ್ಬಿ ಬೇಡ, ಗಾಳಿಗೆ ಶಿಳ್ಳೆ ಹೊಡೆಯುತ್ತದೆ. ಮತ್ತೆ, ಜೋಡಿ ಬೇಕು. ನನಗೊಂದು, ಇವಳಿಗೊಂದು.

ಇವಳ ಜೊತೆ ಮಾತಾಡಬೇಕು, ಅಷ್ಟೇ. ಮನೆಯಲ್ಲಿ ಆಗುವುದಿಲ್ಲ. ಮಿಕ್ಸಿ, ಟೀವಿ, ನನ್ನ ಫಿಸಿಕ್ಸ್ ಪೇಪರುಗಳ ಕಟ್ಟು, ಅವಳ ಪಂಪ್ ಫ್ಯಾಕ್ಟರಿಯ ಫೋನು. ಮದುವೆಯಾದಾಗಿನಿಂದ ನಮ್ಮ ಮಾತೆಲ್ಲ ನಡೆದದ್ದು ಬೈಕಿನ ಮೇಲೆ. ಅವಳು ಹಿಂದೆ ಕೂತು ಕೂಗೋದು, ನಾನು ಗಾಳಿಗೆ ಉತ್ತರ ಕೊಡೋದು. ಈಚೆಗೆ ಕೂಗೋದು ಬಿಟ್ಟಿದ್ದಾಳೆ. ಗಂಟಲು ನೋವಂತೆ. ಭಾನುವಾರದ ಸವಾರಿಯಲ್ಲಿ ಹಿಂದೆ ಮೂಟೆ ಕೂತ ಹಾಗೆ. ಮೂಟೆಯಾದರೂ ರಸ್ತೆಯ ಹಂಪಿನಲ್ಲಿ ಒಂದು ಸದ್ದು ಮಾಡುತ್ತದೆ…

ಅವಳ ಮಾತು ವಾಪಸ್ಸು ಬಂದರೆ ಸಾಕು. ಹೆಲ್ಮೆಟ್ಟು ಎಂಥದಾದರೂ ಸರಿ. (ಕಿವಿ ಉಳಿದರೆ ಇನ್ನೂ ಒಳ್ಳೆಯದು.)


ಜನವರಿ ೯, ಗುರುವಾರ

ದರ್ಜಿ ಟೇಪು ತಂದೆ. ಹುಬ್ಬಿನ ಮೇಲಿಂದ ಒಂದು ಸುತ್ತು, ಹಿಂದೆ ತಲೆ ಉಬ್ಬಿದ ಕಡೆ. ಮೊದಲು ನನ್ನದು, ಆಮೇಲೆ ಇವಳದು. ಅವಳ ಕೂದಲು ಲೆಕ್ಕಕ್ಕೆ ಸೇರಿದರೆ ಇಬ್ಬರದೂ ಒಂದೇ!

"ನೋಡಿದ್ಯಾ? ತಲೆ ಒಂದೇ ಅಳತೆ."

"ಒಳಗಿರೋದೂ ಒಂದೇ ಅಂತ ಟೇಪು ಹೇಳುತ್ತೇನ್ರೀ?"

"ಟೇಪಿಗೆ ಅಷ್ಟು ತಲೆ ಇಲ್ಲ."

ನಕ್ಕಳು. ಅರ್ಧ. ಉಳಿದರ್ಧವನ್ನು ಫೋನು ತಿಂದಿತು. ಸ್ಟೋರ್ಸಿನಲ್ಲಿ ಏನೋ ಬಂದಿದೆ, ಏನೋ ಹೋಗಿದೆ, ಸದಾ ಅದೇ. ಫೋನಿಟ್ಟು ಟೇಪನ್ನು ಸುರುಳಿ ಸುತ್ತುತ್ತಾ ಕೂತಳು.

"ರೀ, ಎದುರುಬದುರು ಕೂತು ಮಾತಾಡಕ್ಕೆ ಆಗ್ದೆ ತಲೆಗೆ ಮಷೀನು ಹಾಕ್ಕೋಬೇಕಾ ನಾವು?"

ಒಳ್ಳೆ ಪ್ರಶ್ನೆ. ಉತ್ತರ ಹೊಳೆಯೋದರೊಳಗೆ ಕುಕ್ಕರು ಕೂಗಿತು. ನನ್ನ ಮನೆಯಲ್ಲಿ ಕುಕ್ಕರಿಗೆ ಇರೋ ಟೈಮಿಂಗ್ ನನಗಿಲ್ಲ.


ಜನವರಿ ೧೨, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ತಗೊಂಡಾಯಿತು! ನಾಲ್ಕೂ ಒಂದೇ ಥರ, ಮಿರುಗದ ಕಪ್ಪು. ನನಗೆ, ಇವಳಿಗೆ, ಭಾವನಿಗೆ, ಡಾಕ್ಟ್ರಿಗೆ.

ಡಾಕ್ಟ್ರು ಹಲ್ಲಿನವರು, ನಮ್ಮ ಭಾನುವಾರದ ಸವಾರಿಯ ಜೊತೆಗಾರರು. ಭಾವನ ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು. ಕೆಳಗೆ ಜಾರಿ ಬಿದ್ದವರು ಮೇಲೆ ಹೋಗಿ ಹಲ್ಲು ಕಟ್ಟಿಸಿಕೊಳ್ಳಬಹುದು, ಒಳ್ಳೆ ವ್ಯವಸ್ಥೆ. ಸೇಲ್ಸಿನ ಹುಡುಗಿ "ಇದು ಬ್ಲೂಟೂತ್ ಸಾರ್" ಅಂದ ತಕ್ಷಣ ಡಾಕ್ಟ್ರು ಮುಂದೆ ಬಂದರು: "ಹಲ್ಲು ನೀಲಿಯಾಗಿದ್ರೆ ನನ್ನ ಹತ್ರ ಕಳಿಸಮ್ಮ." ನನಗಿಂತ ಮೊದಲೇ ಹೇಳಿಬಿಟ್ಟರು. ಇವಳು ಜೋರಾಗಿ ನಕ್ಕಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ಹುಡುಗಿ ಎರಡು ಮಾಡೆಲ್ ಇಟ್ಟಳು. ಒಂದು ಸಾದಾ. ಆನ್ ಮಾಡಿದರೆ ಎಲ್ಲರೂ ಎಲ್ಲರಿಗೂ ಕೇಳಿಸುತ್ತಾರೆ. ಇನ್ನೊಂದರಲ್ಲಿ ಎರಡು ಗುಂಪು. ಎಡಗಡೆಯ ಗುಂಡಿ ಒತ್ತಿ ಹಿಡಿದರೆ ಗುಂಪು ಒಂದರಿಂದ ಎರಡಕ್ಕೆ. ಒಂದರಲ್ಲಿದ್ದವರ ಮಾತು ಎರಡರಲ್ಲಿದ್ದವರಿಗೆ ಕೇಳಿಸದು.

"ಸಾದಾ ಸಾಕು ಭಾವ. ನಾವಿರೋದೇ ನಾಲ್ಕು ಜನ" ಎಂದರು ಭಾವ.

ನಾನು ಬಿಡುತ್ತೇನೆಯೇ? ಎರಡು ತರಂಗಾಂತರ, ಒಂದರ ಅಂತರಂಗ ಇನ್ನೊಂದಕ್ಕೆ ತಿಳಿಯದು, ಎಂಥ ಸೊಗಸು ಎಂದು ಅಂಗಡಿಯಲ್ಲೇ ಕಾಲು ಗಂಟೆ ಪಾಠ ಮಾಡಿದೆ. ಎರಡು ಗುಂಪಿನದೇ ಗೆದ್ದಿತು. ಹೊರಗೆ ಪಾರ್ಕಿಂಗಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಡಾಕ್ಟ್ರು ಪಾಸು. ಇವಳು ಪಾಸು. ಭಾವ ಫೇಲು. ಗುಂಡಿ ಒತ್ತಿ ತಕ್ಷಣ ಬಿಡುತ್ತಾರೆ, ಹಿಡಿಯೋದಿಲ್ಲ. ಕೈ ಹಿಡಿದು ಕಲಿಸಿದೆ. ಕಣ್ಣು ಮುಚ್ಚಿಕೊಂಡು ಬದಲಿಸುವಷ್ಟು ಕಲಿಯುವವರೆಗೂ ಮನೆಗೆ ಬಿಡಲಿಲ್ಲ.

ಇವಳು ಬೀದಿಯ ಆ ತುದಿಗೆ ಹೋಗಿ ನಿಂತಳು. ನಾನು ಈ ತುದಿಯಲ್ಲಿ. "ಹಲೋ" ಅಂದಳು, ಮೆಲ್ಲಗೆ. ಕೂಗದೆ. ಕಿವಿಯ ಒಳಗೇ. ಎಷ್ಟು ದಿನವಾಗಿತ್ತು ಆ ಧ್ವನಿ ಅಷ್ಟು ಹತ್ತಿರ ಬಂದು.


ಜನವರಿ ೧೯, ಭಾನುವಾರ. ಸಂಜೆ

ಮೊದಲ ಸವಾರಿ. ಅಣೆಕಟ್ಟಿನವರೆಗೆ. ಭಾವ ಮುಂದೆ, ನಾವಿಬ್ಬರು ನಡುವೆ, ಡಾಕ್ಟ್ರು ಹಿಂದೆ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಕೂಗ್ಬೇಡಿ."

ಹಳೇ ಚಾಳಿ. ದಾರಿಯುದ್ದಕ್ಕೂ ಕಾಮೆಂಟರಿ ಕೊಟ್ಟೆ. ಹಂಪು ಬಂತು — "ರಸ್ತೆ ಉಬ್ಬಿದೆ, ಯಾರೂ ಹೊಗಳಬೇಡಿ." ತಿರುವು ಬಂತು — "ಕಥೆಗೆ ತಿರುವು ಸಿಕ್ಕಿತು." "ಮುಂದೆ ಶಾಲೆ ಇದೆ" ಎಂಬ ಬೋರ್ಡು — "ನಮ್ಮದು ಹಿಂದೆಯೇ ಮುಗೀತು." ಭಾವ ನಕ್ಕರು, ಡಾಕ್ಟ್ರು ನಕ್ಕರು. ನಾಲ್ಕು ಹೆಲ್ಮೆಟ್ಟಿನಲ್ಲಿ ಒಂದೇ ನಗು ಓಡಾಡೋದು ಎಂಥ ಸುಖ! ಕ್ಲಾಸಿನಲ್ಲಿ ಹೀಗೆ ಆಗೋದಿಲ್ಲ, ಅಲ್ಲಿ ನಗು ಮೊದಲ ಬೆಂಚಿನಲ್ಲೇ ಸಾಯುತ್ತದೆ.

ಇವಳು ನಡುವೆ ಒಮ್ಮೆ "ರೀ, ಒಂದು ವಿಷ್ಯ ಹೇಳ್ಬೇಕಿತ್ತು, ಫ್ಯಾಕ್ಟರಿಯವರು…" ಅಂದಳು. ಅಷ್ಟರಲ್ಲಿ ರಸ್ತೆಯಲ್ಲೊಂದು ಗುಂಡಿ. "ಅದು ಪಂಪು, ಇದು ಜಂಪು!" ಅಂದೆ ಹಾರಿಸುತ್ತಾ. ಡಾಕ್ಟ್ರು ಬಿದ್ದು ಬಿದ್ದು ನಕ್ಕರು (ಬೈಕಿನಿಂದಲ್ಲ). ಆಮೇಲೆ ಅವಳು ಮುಂದುವರಿಸಲಿಲ್ಲ. ಮರೆತಿರಬೇಕು.

ಅಣೆಕಟ್ಟಿನ ಹತ್ತಿರ ಅಣ್ಣ ತಂಗಿ ದೂರದ ಕಲ್ಲಿನ ಮೇಲೆ ಕೂತು ತುಂಬ ಹೊತ್ತು ಮಾತಾಡಿದರು. ನಾನು ಡಾಕ್ಟ್ರಿಗೆ ಪ್ರತಿಧ್ವನಿ ವಿವರಿಸಿದೆ.


ಫೆಬ್ರವರಿ ೨, ಭಾನುವಾರ

ಇವತ್ತು ಅವಳು ನಕ್ಕಳು! ಕಿವಿಗೆ ಕೇಳಿಸಲಿಲ್ಲ, ಬೆನ್ನಿಗೆ ಗೊತ್ತಾಯಿತು. ಮೈಯೆಲ್ಲ ಕುಲುಕಿ, ಹಣೆ ನನ್ನ ಬೆನ್ನಿಗೆ ತಾಗಿಸಿ ನಕ್ಕಳು.

ಆದರೆ ಆಗ ನಾನು ಏನೂ ಹೇಳಿರಲಿಲ್ಲ. ಹೇಳಿ ತುಂಬ ಹೊತ್ತಾಗಿತ್ತು, ಲಾರಿಯ ಹಿಂದೆ ಬರೆದಿದ್ದ ಸಾಲಿನ ಬಗ್ಗೆ. ತಡವಾಗಿ ಸಿಡಿದ ಪಟಾಕಿ ಅಂದುಕೊಳ್ಳೋಣ. ಬೆನ್ನಿಗೆ ಬಂದ ಅಲೆ ಕಿವಿಗೆ ಯಾಕೆ ಬರಲಿಲ್ಲ? ಅವಳ ಮೈಕು ಬಾಯಿಂದ ದೂರ ಸರಿದಿರಬೇಕು. ನೋಡಬೇಕು.

ಇನ್ನೊಂದು. ಇವತ್ತು ದಾರಿಯುದ್ದಕ್ಕೂ ಭಾವ ಒಬ್ಬರೇ "ಹ್ಞೂಂ… ಹ್ಞೂಂ ಭಾವ…" ಅನ್ನುತ್ತಿದ್ದರು. ಹೋದ ವಾರ ಡಾಕ್ಟ್ರೊಬ್ಬರೇ. ಉಳಿದವರು ಪತ್ತೆ ಇಲ್ಲ. ಒಂದೊಂದು ವಾರ ಒಬ್ಬೊಬ್ಬರಿಗೆ ಗಂಟಲು ಸರಿ ಇರುತ್ತದೆಯೋ ಏನೋ.


ಫೆಬ್ರವರಿ ೧೦, ಸೋಮವಾರ

ನಿನ್ನೆಯೂ ಅದೇ. ಡಾಕ್ಟ್ರ "ಹ್ಞೂಂ ಮೇಷ್ಟ್ರೇ" ಬಿಟ್ಟು ಬೇರೆ ಜೀವವಿಲ್ಲ. ಕಾಲೇಜು ಮುಗಿಸಿ ಹೆಲ್ಮೆಟ್ ಅಂಗಡಿಗೆ ಹೋಗಿ ಜಗಳ ಮಾಡಿದೆ. "ಒಂದು ಸಲಕ್ಕೆ ಒಬ್ಬರದೇ ಧ್ವನಿ ಬರುತ್ತದೆ. ಇದೇನು ಟೆಲಿಫೋನಾ?"

ಸೇಲ್ಸಿನ ಹುಡುಗಿ ತಾನೇ ಹಾಕಿಕೊಂಡು ನೋಡಿದಳು, ಇನ್ನೊಂದನ್ನು ಕೊಟ್ಟು ನನ್ನನ್ನು ಬೀದಿಗೆ ಕಳಿಸಿದಳು. ಎಲ್ಲ ಸರಿ ಇತ್ತು.

"ನಿಮ್ಮದು ಚೆನ್ನಾಗಿದೆ ಸಾರ್. ಬೇರೆಯವರದ್ದೂ ತನ್ನಿ, ನೋಡ್ತೀನಿ."

ಅಲ್ಲಿಂದಲೇ ಭಾವನಿಗೆ ಫೋನು. "ಬೇಡ ಬೇಡ, ನಮ್ಮದೆಲ್ಲ ಸರಿ ಇದೆ ಭಾವ, ನೀವ್ಯಾಕೆ ತೊಂದ್ರೆ ತಗೋತೀರಿ." ನನ್ನ ತೊಂದರೆಯ ಬಗ್ಗೆ ಇಷ್ಟು ಕಾಳಜಿ ಯಾವತ್ತೂ ತೋರಿಸಿರಲಿಲ್ಲ. ಒಳ್ಳೆಯವರು.


ಫೆಬ್ರವರಿ ೧೬, ಭಾನುವಾರ. ಮಧ್ಯಾಹ್ನ ಮೂರು

ಬೇಗ ವಾಪಸ್ಸು ಬಂದೆವು.

ಸಾಲಾಗಿ ಬರೆಯಬೇಕು, ಇಲ್ಲದಿದ್ದರೆ ನಾನೇ ನಂಬೋದಿಲ್ಲ.

ಹೆದ್ದಾರಿ ಪಕ್ಕದ ಟೀ ಅಂಗಡಿ. ನಮ್ಮಿಬ್ಬರ ಹೆಲ್ಮೆಟ್ಟು ಎರಡು ಕನ್ನಡಿಗೆ ನೇತುಹಾಕಿದ್ದೆ. ಟೀ ಕೈಗೆ ಬಂದಿತ್ತಷ್ಟೆ, ಹಿಂದೆ ನಿಂತಿದ್ದ ಲಾರಿಯವನು ಹಾರ್ನ್ ಹೊಡೆದು ಹೊಡೆದು ಪ್ರಾಣ ತೆಗೆದ. ಅವನಿಗೆ ನಮ್ಮ ಬೈಕುಗಳು ಅಡ್ಡ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡೆ. ಅವಳು ಉಳಿದದ್ದನ್ನು. ಸರಿಯಾಗಿಯೇ ಕೂತಿತು. ಕೂರದೆ ಏನು?

ಹೊರಟೆವು. ಕಿವಿಯಲ್ಲಿ, ಆನ್ ಮಾಡಿದೊಡನೆ ಗುಂಪಿನ ನಂಬರು ಹೇಳುವ ಯಂತ್ರದ ಹೆಂಗಸು "ಗ್ರೂಪ್ ಟೂ" ಅಂದಳು. ನನ್ನದು ಯಾವತ್ತೂ "ಗ್ರೂಪ್ ಒನ್" ಅನ್ನುತ್ತದೆ. ಓಹೋ, ಇವಳದು ಹಾಕಿಕೊಂಡೆ ಅಂದುಕೊಂಡೆ. ಅಷ್ಟರಲ್ಲಿ ಭಾವನ ಧ್ವನಿ:

"ಪುಟ್ಟೀ, ಬಂದ್ಯಾ? ಇವತ್ತೂ ನನ್ನ ಬದಲು ಡಾಕ್ಟ್ರದ್ದೇ ಡ್ಯೂಟಿ. ಆರಾಮಾಗಿ ಮಾತಾಡು."

ಪುಟ್ಟಿ ಅಂದರೆ ಇವಳು. ಅಣ್ಣನಿಗೆ ಇವಳು ಇನ್ನೂ ಪುಟ್ಟಿ. "ಪುಟ್ಟಿ ಅಲ್ಲ, ಬುಟ್ಟಿ" ಎನ್ನೋದು ನಾಲಿಗೆಯ ತುದಿಗೆ ಬಂದಿತ್ತು.

"ಹೇಳಿದ್ಯೇನೇ ಭಾವಂಗೆ? ಹೇಳಿರಲ್ಲ ಬಿಡು. ಮಾರ್ಚ್ ಮೂರಕ್ಕೆ ಆ ಊರಲ್ಲಿ ಜಾಯ್ನ್ ಆಗ್ಬೇಕು ನೀನು. ಮನೆ ನೋಡಿ ಆಯ್ತು. ಡಾಕ್ಟ್ರ ಹೆಂಡ್ತಿ ಪಾತ್ರೆ ಕೂಡ ಎತ್ತಿಟ್ಟಿದ್ದಾರೆ ನಿಂಗೆ ಅಂತ. ಇನ್ನೆಷ್ಟು ದಿನ ಮುಚ್ಚಿಡ್ತೀಯ?"

ನಾಲಿಗೆಯ ತುದಿಯಲ್ಲಿದ್ದದ್ದು ಅಲ್ಲೇ ಒಣಗಿತು.

"ನೀನು ಹೇಳಕ್ಕೆ ಹೋದ್ರೆ ಅವ್ರು ಜೋಕ್ ಹೊಡೀತಾರೆ, ಗೊತ್ತಮ್ಮ. ಆದ್ರೂ ಎರಡು ವರ್ಷದ ವಿಷ್ಯ. ಹೊಸ ಫ್ಯಾಕ್ಟರಿ ಸ್ಟೋರ್ಸೆಲ್ಲ ನಿನ್ನ ಕೈಗೆ ಕೊಡ್ತಿದ್ದಾರೆ, ಸಣ್ಣದಾ? ಹೆಮ್ಮೆಯಿಂದ ಹೇಳು."

ಗೇರ್ ಬದಲಿಸಿ ಓಡಿಸಿದೆ. ಸೇತುವೆ ಹೋಯಿತು, ಪೆಟ್ರೋಲ್ ಬಂಕು ಹೋಯಿತು. ಭಾವ ಮಾತಾಡುತ್ತಲೇ ಇದ್ದರು, ಬಾಡಿಗೆ ಮನೆಯ ಬಾಲ್ಕನಿ, ನೀರಿನ ಟೈಮಿಂಗು. ನನ್ನ ಹೆಂಡತಿ ಎಲ್ಲಿ ಬಟ್ಟೆ ಒಣಹಾಕುತ್ತಾಳೆ ಎನ್ನೋದು ಕೂಡ ನನಗೆ ತಿಳಿಯಿತು. ನನ್ನ ಭುಜದ ಮೇಲಿದ್ದ ಅವಳ ಕೈ ಯಾವಾಗ ತೆಗೆದಳೋ, ಹಿಂದಿನ ಕಂಬಿ ಹಿಡಿದುಕೊಂಡಿದ್ದಳು. ಗೊತ್ತಾಗಿದೆ ಅವಳಿಗೆ. ಗುಂಡಿ ಒತ್ತಿ ಈ ಕಡೆ ಬಂದು ಅಣ್ಣನನ್ನು ತಡೆಯಬಹುದಿತ್ತು, ಬರಲಿಲ್ಲ. ಅವಳು ಒಂದರಲ್ಲಿ, ನಾನು ಎರಡರಲ್ಲಿ. ನಡುವೆ ಇರೋದು ಒಂದು ಜಾಕೆಟ್ಟಿನ ದಪ್ಪ.

"ಯಾಕೆ ಸುಮ್ನಾದೆ? ಅಳ್ತಿದ್ಯಾ ಪುಟ್ಟಿ?"

"ಭಾವ, ಪುಟ್ಟಿ ಅಲ್ಲ. ನಾನು."

ಮುಂದೆ ಭಾವನ ಬೈಕಿನ ಬ್ರೇಕ್ ಲೈಟು ಹೊತ್ತಿತು. ಖಾಲಿ ರಸ್ತೆ. ಬ್ರೇಕ್ ಹಾಕೋಕೆ ಅಲ್ಲಿ ಏನೂ ಇರಲಿಲ್ಲ.

ಯಾರೂ ನಿಲ್ಲಿಸಲಿಲ್ಲ. ಮನೆಗೆ ಬಂದು ಅವಳು ಹೆಲ್ಮೆಟ್ಟು ಮೇಜಿನ ಮೇಲಿಟ್ಟಳು. "ಇದು ನಿಮ್ದು." "ಗೊತ್ತು." ಇಷ್ಟೇ ಮಾತು. ಈಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದಾಳೆ.


ಫೆಬ್ರವರಿ ೧೭, ಸೋಮವಾರ

ಕಾಲೇಜು. ಶಬ್ದದ ಪಾಠ. ಜೋಕು ಹೇಳಲಿಲ್ಲ. ಹಿಂದಿನ ಬೆಂಚಿನವರು ಗಾಬರಿಯಾಗಿ ನೋಟ್ಸು ಬರೆದುಕೊಂಡರು.


ಫೆಬ್ರವರಿ ೨೦, ಗುರುವಾರ

ಭಾವ ಸ್ಟಾಫ್ ರೂಮಿಗೇ ಬಂದರು. ಮನೆಗೆ ಬರುವ ಧೈರ್ಯ ಇರಲಿಲ್ಲವಂತೆ. ಕ್ಯಾಂಟೀನಿನ ಮೂಲೆ ಟೇಬಲ್ಲು. ಅವರ ಮಾತು ಅವರ ಟೈಲ್ಸಿನ ಥರ. ಹೊಳೆಯುತ್ತದೆ, ಕಾಲಿಟ್ಟರೆ ಜಾರುತ್ತದೆ.

"ಬೈದುಬಿಡಿ ಭಾವ ಒಂದ್ಸಲ."

"ಯಾವ ಗುಂಪಿನಲ್ಲಿ ಬೈಯಲಿ?"

ತಲೆ ತಗ್ಗಿಸಿದರು. ಆಮೇಲೆ ಒಂದೊಂದಾಗಿ ಬಂತು. ಅಣೆಕಟ್ಟಿನ ದಿನ ಇವಳು ಅವರಿಗೆ ಹೇಳಿದ್ದಾಳೆ. ವಾರ ಕಳೆದು ಡಾಕ್ಟ್ರಿಗೂ. ಮಾತಾಡೋಕೆ ಜಾಗ ಬೇಕಲ್ಲ, ಎರಡನೇ ಗುಂಪು ಖಾಲಿ ಇತ್ತು.

"ಗುಂಪು ಬದಲಾಯಿಸೋದು ನೀವೇ ಕಲ್ಸಿದ್ದು ಭಾವ."

"ಹೌದು, ಕಣ್ಣು ಮುಚ್ಚಿಕೊಂಡು ಮಾಡೋವರೆಗೂ ಕಲಿಸಿದೆ. ನನ್ನ ಕಣ್ಣು."

"ಆದ್ರೆ ನಿಮ್ಮನ್ನ ಒಂಟಿಯಾಗಿ ಬಿಟ್ಟಿರ್ಲಿಲ್ಲ. ದೇವರಾಣೆ. ಯಾರಾದ್ರೂ ಒಬ್ರು ಒಂದರಲ್ಲಿ ಇರ್ತಿದ್ವಿ, ಸರದಿ ಮೇಲೆ. ನೀವು ಮಾತಾಡ್ತಿದ್ರೆ ಹ್ಞೂಂ ಅನ್ನಕ್ಕೆ. ನಿಮ್ಗೆ ಬೇಜಾರಾಗ್ಬಾರ್ದು ಅಂತ."

ಅದೇ ಡ್ಯೂಟಿ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರೋ ಹಾಗೆ, ಪಾಳಿ ಹಾಕಿಕೊಂಡು ನನಗೆ ಹ್ಞೂಂಗುಟ್ಟಿದ್ದಾರೆ. ನನ್ನನ್ನು ಬೈದಿದ್ದರೆ, ಬಾಯಿ ಮುಚ್ಚು ಅಂದಿದ್ದರೆ ಜಗಳವಾಡಿ ಟೀ ಕುಡಿಯಬಹುದಿತ್ತು. ಇದು ದಯೆ. ಇದಕ್ಕೆ ತಿರುಗಿ ಏನು ಕೊಡೋದು?

"ಹೋದ ಭಾನುವಾರದ ಹಿಂದಿನ ಹಿಂದಿನ ವಾರ ಇವಳು ಬೆನ್ನಿಗೊರಗಿ ನಕ್ಕಳು. ಯಾತಕ್ಕೆ?"

ಸ್ವಲ್ಪ ಯೋಚಿಸಿದರು. "ಅದಾ… ನಾನು ಆ ದಿನ ನಿಮ್ಮ ಡ್ಯೂಟಿಲಿದ್ದೆ. ಡಾಕ್ಟ್ರು ಯಾರೋ ಪೇಶಂಟ್ ಕಥೆ ಹೇಳಿದ್ರಂತೆ. ಹಲ್ಲಿನ ಸೆಟ್ಟು ಹಾಕ್ಕೊಂಡು ಸೀನಿದ್ನಂತೆ, ಅದು ಹೋಗಿ ನರ್ಸ್ ಜೇಬಲ್ಲಿ…"

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಕಳಪೆ ಜೋಕು. ನಾನು ಹೇಳಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ.

ಎದ್ದು ಹೊರಟಾಗ ಕೇಳಿದೆ: "ಇವಳ ಸರದಿ ಯಾವ ವಾರ ಇತ್ತು?"

ಭಾವ ಲೋಟದ ಅಂಚು ಸವರಿದರು. "ಅವಳಿಗೆ ಹಾಕಿರ್ಲಿಲ್ಲ ಭಾವ. ವಾರವೆಲ್ಲ ಮನೇಲಿ ಅವಳದ್ದೇ ಡ್ಯೂಟಿ ಅಲ್ವಾ ಅಂತ…"

ಕೊನೆಯ ಪೀರಿಯಡ್ ತಗೊಳ್ಳಲಿಲ್ಲ.


ಫೆಬ್ರವರಿ ೨೩, ಭಾನುವಾರ

ಸವಾರಿ ಇಲ್ಲ. ಹಾಲಿನ ನಡುವೆ ಅವಳ ಸೂಟ್‌ಕೇಸು ಬಾಯಿ ತೆರೆದುಕೊಂಡಿದೆ. ಇನ್ನು ಮುಚ್ಚಿಡೋಕೆ ಏನಿದೆ, ಬಟ್ಟೆ ಮಾತ್ರ.

ನಾನೇ ಶುರುಮಾಡಿದೆ. "ಅಣ್ಣನಿಗೆ ಗೊತ್ತು. ಹಲ್ಲಿನವರಿಗೆ ಗೊತ್ತು. ಹಲ್ಲಿನವರ ಹೆಂಡತಿಗೆ ಗೊತ್ತು. ಅವರ ಮನೆ ಪಾತ್ರೆಗಳಿಗೂ ಗೊತ್ತು. ನನಗೆ ಗೊತ್ತಿಲ್ಲ."

"ಹೇಳಕ್ಕೆ ಬಂದೆ."

"ಬಂದು?"

"ಪಂಪು ಜಂಪು ಅಂದ್ರಿ."

"ಒಂದು ಜೋಕಿಗೆ ಇಷ್ಟು ದೊಡ್ಡ ಶಿಕ್ಷೆಯಾ? ಮನೇಲಿ ಹೇಳಬಹುದಿತ್ತು. ಬೈಕಿನ ಕೀ ಕಿತ್ತುಕೊಂಡು, ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹೇಳಬಹುದಿತ್ತು. ನನಗೆ ಕಿವಿ ಇಲ್ವಾ?"

"ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ನಂದೇ."

ಒಪ್ಪಿಕೊಂಡುಬಿಟ್ಟಳು! ಕೂಡಿಟ್ಟುಕೊಂಡಿದ್ದ ಮಾತೆಲ್ಲ ಕೈಯಲ್ಲೇ ಉಳಿಯಿತು. ಸೀರೆಯೊಂದನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

"ಅವ್ರು ಏನೂ ದೊಡ್ಡ ಸಲಹೆ ಕೊಡ್ಲಿಲ್ಲ ರೀ. ನಾನು ಮಾತು ಮುಗಿಸೋವರೆಗೂ ಸುಮ್ನಿದ್ರು. ಅಷ್ಟೇ. ಅದೆಷ್ಟು ಹಿತ ಗೊತ್ತಾ? ಮೊನ್ನೆ ನಿಮ್ಮ ಹೆಲ್ಮೆಟ್ ಹಾಕ್ಕೊಂಡಿದ್ದೆನಲ್ಲ, ಡಾಕ್ಟ್ರು ದಾರಿಯುದ್ದಕ್ಕೂ ಹ್ಞೂಂ ಮೇಷ್ಟ್ರೇ, ಹ್ಞೂಂ ಮೇಷ್ಟ್ರೇ ಅಂತಿದ್ರು. ಯಾರೂ ಮಾತಾಡ್ತಿಲ್ಲ, ಅವ್ರು ಹ್ಞೂಂ ಅಂತಿದ್ರು."

ಅವಳಿಗೆ ನಗು ಬಂತು. ನಕ್ಕು, ತಕ್ಷಣ ಅತ್ತಳು. ನನಗೆ ಎರಡೂ ಬರಲಿಲ್ಲ. ನಾನು ಇಲ್ಲದಿದ್ದರೂ ನಡೆಯುವ ಹರಟೆ ನನ್ನದು.

ಸಂಜೆ ಬಾಗಿಲ ಹತ್ತಿರ ಬಂದು ನಿಂತಳು. "ಏಳು ಗಂಟೆ ದಾರಿ. ಅಣ್ಣ ಕಾರಲ್ಲಿ ಬಿಡ್ತೀನಿ ಅಂದ. ನಾನು ಬೇಡ ಅಂದೆ. ಲಗೇಜು ಅವ್ನು ಮೊದ್ಲೇ ಇಟ್ಟು ಬರ್ಲಿ. ನನ್ನನ್ನ ನೀವು ಬಿಡ್ತೀರಾ? ಬೈಕಲ್ಲಿ. ಇಬ್ರೇ. ಅರ್ಧ ದಾರಿ ನಾನು ಮಾತಾಡ್ತೀನಿ, ನಿಮ್ಮ ಮೈಕು ಆಫ್."

"ಉಳಿದರ್ಧ?"

"ನಿಮ್ದು. ನಾನು ಆಫ್."

ಪೇಪರುಗಳ ಕಟ್ಟು ಎಳೆದುಕೊಂಡು ತಿದ್ದೋಕೆ ಕೂತೆ. ಒಪ್ಪೋದಿಲ್ಲ.


ಫೆಬ್ರವರಿ ೨೭, ಗುರುವಾರ

ಬೈಕಿನ ಆಯಿಲ್ ಬದಲಿಸಿದೆ. ಚೈನು ಬಿಗಿ ಮಾಡಿಸಿದೆ. ಒಪ್ಪಿದ್ದೇನೆ ಅಂತಲ್ಲ. ಚೈನು ಸಡಿಲ ಇತ್ತು.


ಮಾರ್ಚ್ ೨, ಭಾನುವಾರ. ಹೆಚ್ಚುಕಡಿಮೆ ಅರ್ಧ ದಾರಿ

ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ಮುಖ ತೊಳೆಯೋಕೆ ಹೋಗಿದ್ದಾಳೆ.

ಬೆಳಕು ಹರಿಯುತ್ತಲೇ ಹೊರಟೆವು. ನನ್ನ ಮೈಕು ಆಫ್. ಕೊನೆಗೆ ನಿನ್ನೆ ರಾತ್ರಿ ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ. ಇವರಾರೂ ಉಳಿಸಿಕೊಳ್ಳದ್ದನ್ನು ನಾನಾದರೂ.

ಮೊದಲು ಏನೇನೋ ಹೇಳಿದಳು. ಸ್ಟೋರ್ಸಿನಲ್ಲಿ ಅವಳ ಕೆಳಗೆ ಕೆಲಸ ಕಲಿತ ಹುಡುಗ ಬಡ್ತಿ ಪಡೆದು ಅವಳಿಗಿಂತ ಮೇಲೆ ಕೂತದ್ದು. ಅದನ್ನು ನನಗೆ ಹೇಳೋಕೆ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಕೊಂಡದ್ದು. ಫ್ಯಾಕ್ಟರಿ ಕೆಲಸದ ಮೇಲೆ ಹೋಗಿದ್ದಾಗ ಹೊಸ ಊರಿನ ಆ ಬಾಲ್ಕನಿಗೆ ಒಬ್ಬಳೇ ಹೋಗಿ ನಿಂತಾಗ ಎಷ್ಟು ಖುಷಿಯಾಯಿತು ಎನ್ನೋದು. ಖುಷಿಯಾದದ್ದಕ್ಕೆ ಹೆದರಿಕೆಯಾದದ್ದು. ಅವಳಿಗೆ ಇಷ್ಟೊಂದು ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಒಳ್ಳೆ ಮಾತುಗಾರ್ತಿ. ಮಧ್ಯದಲ್ಲಿ ಎರಡು ಕಡೆ ನನಗೆ ಒಳ್ಳೊಳ್ಳೆ ಮಾತು ಹೊಳೆದವು, ನುಂಗಿದೆ. ಗಂಟಲು ಉರಿಯುತ್ತಿದೆ ಇನ್ನೂ.

ಆಮೇಲೆ:

"ಆರ್ಡರಿನಲ್ಲಿ ಎರಡು ವರ್ಷ ಅಂತಿದೆ. ಅದಾದ್ಮೇಲೆ ವಾಪಸ್ ಬರ್ತೀನೋ ಇಲ್ವೋ ನಂಗೆ ಗೊತ್ತಿಲ್ಲ ರೀ. ಕೆಲಸದ ಮಾತಲ್ಲ, ಮನೆ ಮಾತು ಹೇಳ್ತಿದ್ದೀನಿ. ಇದು ಅಣ್ಣನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ಮೊದಲು ನನಗೆ ಹೇಳಬೇಕಿತ್ತು, ಮೊದಲು ನನಗೆ — ಎರಡು ವಾರದಿಂದ ಮನೆಯ ಗೋಡೆಗಳಿಗೂ ಇದನ್ನೇ ಹೇಳಿದ್ದೆ. ತಗೋ. ಸಿಕ್ಕಿತು.

"ಕೇಳಿಸ್ತಾ? ಕೇಳಿಸಿದ್ರೆ ಹಾರ್ನ್ ಹೊಡೀರಿ."

ಹೊಡೆದೆ. ಮುಂದೆ ಹೋಗುತ್ತಿದ್ದ ಸೈಕಲ್ಲಿನವನು ಬೆಚ್ಚಿ ಗದ್ದೆಗೆ ಇಳಿದ. ಅವನಿಗೇನು ಗೊತ್ತು, ಅದು ನನ್ನ ಹ್ಞೂಂ ಎಂದು.

ಇಲ್ಲಿ ಇಳಿದಾಗ ಹೆಲ್ಮೆಟ್ಟು ತೆಗೆದು, ಕೂದಲು ಸರಿಮಾಡಿಕೊಳ್ಳುತ್ತಾ ಹೇಳಿದಳು: "ಈಗ ನಿಮ್ಮ ಸರದಿ. ಬೇಡ ಅನ್ನಿಸಿದ್ರೆ ಎದುರಿಗೇ ಬಸ್ಸಿದೆ. ಹತ್ತಿ ಹೋಗ್ತೀನಿ. ನೀವು ಇಲ್ಲಿಂದ್ಲೇ ತಿರುಗ್ಸಿ. ನಂಗೆ ಬೇಜಾರಿಲ್ಲ."

ಬಸ್ಸು ಅಲ್ಲೇ ಗುರುಗುಟ್ಟುತ್ತಿದೆ. ಕಂಡಕ್ಟರು ಆ ಊರಿನ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುತ್ತಿದ್ದಾನೆ, ನನ್ನನ್ನೇ ನೋಡಿಕೊಂಡು.

ಹತ್ತಿಸಿದರೆ ನಾನು ಸರಿ. ನೂರಕ್ಕೆ ನೂರು ನಾನೇ ಸರಿ, ಭಾವ ಕೂಡ ಒಪ್ಪುತ್ತಾರೆ. ಸರಿಯಾದ ಮನುಷ್ಯ ಎರಡು ಹೆಲ್ಮೆಟ್ಟು ಕಟ್ಟಿಕೊಂಡು ಮನೆಗೆ ಹೋಗಿ, ಅನ್ನಕ್ಕೆ ಇಟ್ಟುಕೊಂಡು, ತಾನು ಎಷ್ಟು ಸರಿ ಎಂದು ಕುಕ್ಕರಿಗೆ ಹೇಳಬಹುದು.

ಹತ್ತಿಸದಿದ್ದರೆ ಮೂರು ಗಂಟೆಗೂ ಮೇಲಿನ ದಾರಿ. ನನ್ನ ಮೈಕು ಆನ್, ಅವಳದು ಆಫ್. ಏನು ಹೇಳಲಿ? ನೀವೆಲ್ಲ ಸೇರಿ ನನ್ನನ್ನು ಕೋಡಂಗಿ ಮಾಡಿದಿರಿ, ಪಾಳಿಯಲ್ಲಿ ಹ್ಞೂಂಗುಟ್ಟಿದಿರಿ — ಇದನ್ನು ಹೇಳೋಕೆ ಮೂರು ಗಂಟೆ ಬೇಕಾ? ಬೇಕು. ಅಷ್ಟೂ ಬೇಕು. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಅವಳ ಊರು ಬಂದಿರುತ್ತದೆ, ಬೇರೆ ಏನೂ ಕೇಳೋಕೆ ಆಗಿರೋದಿಲ್ಲ.

ಬರುತ್ತಿದ್ದಾಳೆ. ಮುಖ ಒರೆಸಿಕೊಂಡಿಲ್ಲ. ಬಸ್ಸಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಮೈಕು ಬೇಡ, ಹೆಲ್ಮೆಟ್ಟು ಬೇಡ, ಇಲ್ಲೇ, ಈ ಕಂಡಕ್ಟರಿಗೆ ಕೇಳಿಸಿದರೂ ಚಿಂತೆಯಿಲ್ಲ, ಕೇಳೇಬಿಡುತ್ತೇನೆ, ನಿನಗೆ ವಾಪಸ್ ಬರೋ ಮನಸ್ಸಾಗೋಕೆ ನಾನು…